ಬೇಲಿಯಾಚೆಯ ಮಹಾಶಯರು

ಭಾನುವಾರ ಬೆಳಗ್ಗೆ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿ ಕಡೆಗೆ ಓಡುವ ಕಾರುಗಳಿಗೆಲ್ಲ ವಿಮಾನ ತಪ್ಪೀತೆಂಬ ಆತಂಕ. ನಮ್ಮ ಮಹಾಶಯರು ಮಾತ್ರ ಅರ್ಧ ದಾರಿಯ ಜಕ್ಕೂರಿನಲ್ಲೇ ಸ್ಕೂಟರ್ ನಿಲ್ಲಿಸುತ್ತಾರೆ. ಹೆಗಲಿಗೆ ಉದ್ದ ಲೆನ್ಸಿನ ಕ್ಯಾಮೆರಾ, ಜೇಬಿನಲ್ಲಿ ಅಂಚು ಮಡಿಸಿದ ನೋಟ್‌ಬುಕ್ಕು. ವಿಮಾನ ಹತ್ತುವ ಆಸೆ ಇವರಿಗಿಲ್ಲ, ಕಣ್ತುಂಬ ನೋಡಿದರೆ ಸಾಕು.

ಅದೂ ದೊಡ್ಡ ವಿಮಾನವನ್ನಲ್ಲ. ಏರ್‌ಬಸ್ ಎಂದರೆ ಮುಖ ಸಿಂಡರಿಸಿ, "ಅದೇನ್ರೀ, ರೆಕ್ಕೆ ಕಟ್ಟಿದ ಬಿಎಂಟಿಸಿ ಬಸ್ಸು" ಅನ್ನುತ್ತಾರೆ. ಇವರ ಆರಾಧ್ಯದೈವ ನಾಲ್ಕು ಸೀಟಿನ ಸೆಸ್ನಾ 172. 1955ರಲ್ಲಿ ಮೊದಲು ಹಾರಿದ ಈ ಮಾದರಿ 44,000ಕ್ಕೂ ಹೆಚ್ಚು ತಯಾರಾಗಿದೆ. ಜಗತ್ತಿನಲ್ಲಿ ಇನ್ಯಾವ ವಿಮಾನವೂ ಇಷ್ಟು ತಯಾರಾಗಿಲ್ಲ. ಅಪರೂಪದ್ದಂತೂ ಅಲ್ಲ. ಇವರೆದುರು ಹಾಗನ್ನುವ ಧೈರ್ಯ ಯಾರಿಗೂ ಬೇಡ.

ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿದೆ. ಕಲಿಯುವ ಹುಡುಗರು ಮೇಲೇರಿ, ಒಂದು ಸುತ್ತು ಹಾಕಿ ಇಳಿದು, ಚಕ್ರ ನೆಲಕ್ಕೆ ತಾಗುತ್ತಲೇ ಮತ್ತೆ ಏರುತ್ತಾರೆ. ಹೀಗೆ ಅದೇ ವಿಮಾನ ಮತ್ತೆ ಮತ್ತೆ ಬರುತ್ತದೆ. ಮಹಾಶಯರು ಪ್ರತಿ ಸಲವೂ ಮೊದಲ ಸಲ ಕಂಡವರಂತೆ ಕ್ಲಿಕ್ಕಿಸುತ್ತಾರೆ.

ಕ್ಲಿಕ್ಕಿಸುವುದೇನು ಸಾಮಾನ್ಯವೇ! ಷಟರ್ ವೇಗವನ್ನು ಸೆಕೆಂಡಿನ 1/2000ಕ್ಕೆ ಇಟ್ಟರೆ ಪ್ರೊಪೆಲರ್ ನಿಂತೇಹೋದಂತೆ ಮೂಡಿ, ಎಂಜಿನ್ ಕೆಟ್ಟ ವಿಮಾನದ ಫೋಟೋ ಆಗುತ್ತದೆ. 1/125ಕ್ಕೆ ಇಳಿಸಿದರೆ ಅಲಗುಗಳ ಸುತ್ತಾಟ ಕಾಣುತ್ತದೆ, ಆದರೆ ಕೈ ತುಸು ಅಲುಗಿದರೂ ವಿಮಾನವೇ ಮಸುಕು. ಅದಕ್ಕೇ ಮಹಾಶಯರು ಕಾಲು ಅಗಲಿಸಿ, ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಬಿಗಿಹಿಡಿದು, ವಿಮಾನ ಸಾಗಿದತ್ತ ಸೊಂಟದಿಂದ ಮೇಲಕ್ಕಷ್ಟೇ ತಿರುಗುತ್ತಾರೆ. ದಾರಿಹೋಕನೊಬ್ಬ ಬೈಕ್ ನಿಲ್ಲಿಸಿ ಆಕಾಶ ನೋಡುತ್ತಾನೆ: "ಏನ್ ಸಾರ್, ಬೀಳ್ತಾ ಇದ್ಯಾ?" ಅವನನ್ನು ಕಂಡು ಇನ್ನಿಬ್ಬರು. ಕೊನೆಗೆ ಕಡಲೆಕಾಯಿ ಗಾಡಿಯೂ ಬಂದು ನಿಲ್ಲುತ್ತದೆ.

ಗುಂಪು ಸೇರಿದರೆ ಕಾವಲುಗಾರ ಬಾರದಿರುತ್ತಾನೆಯೇ? ಮಹಾಶಯರ ಬಳಿ ಉತ್ತರ ಸಿದ್ಧ. 1937ರ ವಿಮಾನ ನಿಯಮಗಳಲ್ಲಿ 13ನೆಯದರ ಪ್ರಕಾರ, ಸರ್ಕಾರಿ ವಿಮಾನ ನಿಲ್ದಾಣದಲ್ಲಿ ಅನುಮತಿಯಿಲ್ಲದೆ ಫೋಟೋ ತೆಗೆಯುವಂತಿಲ್ಲ. "ನಾನೆಲ್ಲಿ ಒಳಗಿದ್ದೀನಪ್ಪಾ? ಬೇಲಿ ಆಚೆ ಇದ್ದೀನಲ್ಲ!" ಕಾವಲುಗಾರ ತಲೆ ಕೆರೆದುಕೊಳ್ಳುತ್ತಾನೆ. ವಾದ ಎಷ್ಟು ಗಟ್ಟಿಯೋ ವಕೀಲರೇ ಹೇಳಬೇಕು.

ಮನೆಯಲ್ಲಿ ಮಾತ್ರ ಯಾವ ನಿಯಮವೂ ನೆರವಿಗೆ ಬರುವುದಿಲ್ಲ.

"ರೀ, ಇಷ್ಟೂ ಫೋಟೋ ಒಂದೇ ಥರ ಇದೆಯಲ್ರೀ!"

"ಸರಿಯಾಗಿ ನೋಡೇ. ಇದ್ರಲ್ಲಿ ಫ್ಲಾಪ್ ಇಳಿದಿದೆ, ಅದ್ರಲ್ಲಿ ಇಳಿದಿಲ್ಲ."

"ಬಚ್ಚಲ ಬಲ್ಬು ಹೋಗಿ ವಾರ ಆಯ್ತು. ಅದು ಕಾಣಲ್ಲ ನಿಮಗೆ."

ಹೊತ್ತಿದ್ದವರು ಇವರ ಬಾಯಲ್ಲಿ ಪುಷ್ಪಕದ ಕಥೆ ಕೇಳಬೇಕು. 1958ರಲ್ಲಿ ಮೊದಲು ಹಾರಿದ, ಎಚ್‌ಎಎಲ್ ತಯಾರಿಸಿದ, ಬಟ್ಟೆ ಹೊದಿಸಿದ ಎರಡು ಸೀಟಿನ ಪುಟ್ಟ ವಿಮಾನ. ದೇಶದ ಎಷ್ಟೋ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಪೈಲಟ್‌ಗಳನ್ನು ತಯಾರು ಮಾಡಿತು. ಅಲ್ಲಿಂದ ಮಾತು ಪಕ್ಕದ ಮೇಲ್ಸೇತುವೆಗೆ ಹೊರಳಿ, ಅದು ರನ್‌ವೇಯ ಬಳಕೆಯ ಉದ್ದವನ್ನು ಹೇಗೆ ನುಂಗಿತೆಂಬಲ್ಲಿಗೆ ಬಂದರೆ ಮಧ್ಯಾಹ್ನದ ಊಟದ ಆಸೆ ಬಿಡಿ.

ಆ ಕಡೆ ಹೋದರೆ ಖಂಡಿತ ಮಾತಾಡಿಸಿ, ಒಳ್ಳೆಯ ಮನುಷ್ಯರು. "ಈ ವಿಮಾನ ಯಾವ ಊರಿಗೆ ಸಾರ್?" ಅಂತ ಮಾತ್ರ ಕೇಳಬೇಡಿ. ಅದು ಯಾವ ಊರಿಗೂ ಹೋಗುವುದಿಲ್ಲ. ನೀವು ಪ್ರಶ್ನೆ ಮುಗಿಸುವಷ್ಟರಲ್ಲಿ ಇಳಿಯಲು ಬಂದಿರುತ್ತದೆ, ನೀವು ಚೌಕಟ್ಟಿಗೆ ಅಡ್ಡ ನಿಂತಿರುತ್ತೀರಿ.