ಬಸವನಗುಡಿಯ ಅಡ್ಮಿಷನ್ ಕಮಿಟಿ

ಸ್ಯಾನ್ ಹೋಸೆಯಲ್ಲಿ ಮನೆ ಕೊಳ್ಳಲು ಬ್ಯಾಂಕಿನವರು ಒಪ್ಪಿದರೆ ಸಾಕು. ಮಗನನ್ನು ಹೈಸ್ಕೂಲಿಗೆ ಸೇರಿಸಬೇಕಾದರೆ ಮಾತ್ರ ಬಸವನಗುಡಿ ಒಪ್ಪಬೇಕು. ಎಂಟನೇ ಕ್ಲಾಸಿನ ಮಗನೊಂದಿಗೆ ಡಿಸೆಂಬರ್ ರಜೆಗೆ ಗಾಂಧಿ ಬಜಾರಿನ ಹಿಂದಿನ ಮನೆಗೆ ಬಂದಿಳಿದರೆ, ಜೆಟ್‌ಲ್ಯಾಗ್ ಕಳೆಯುವ ಮೊದಲೇ ಕಮಿಟಿ ಸೇರಿಬಿಟ್ಟಿತ್ತು. ಅಧ್ಯಕ್ಷರು ಅಪ್ಪ: ಓದಿದ್ದು ನ್ಯಾಷನಲ್ ಹೈಸ್ಕೂಲು. ಉಪಾಧ್ಯಕ್ಷೆ ಅಮ್ಮ: ಮಲ್ಲೇಶ್ವರದ ಕ್ಲೂನಿ ಕಾನ್ವೆಂಟು. ವಿರೋಧ ಪಕ್ಷ, ಚಾಮರಾಜಪೇಟೆಯಿಂದ ಆಟೋ ಹಿಡಿದು ಬಂದ ಸೋದರಮಾವ: ಮ್ಯೂಸಿಯಂ ರಸ್ತೆಯ ಸೇಂಟ್ ಜೋಸೆಫ್ಸು. ಅಭ್ಯರ್ಥಿ ಮಹಡಿಯ ಮೇಲೆ ಗೊರಕೆ ಹೊಡೆಯುತ್ತಿದ್ದ.

ಪ್ರಶ್ನೆ ಇಷ್ಟೇ. ನಮ್ಮ ಮನೆಯ ವಿಳಾಸಕ್ಕೆ ಸೇರಿದ ಸರ್ಕಾರಿ ಹೈಸ್ಕೂಲೊಂದಿದೆ. ಒಳ್ಳೆಯದು, ಪುಕ್ಕಟೆ. ಅದಕ್ಕೆಂದೇ ಸಾಲ ಮಾಡಿ ಆ ಬೀದಿಯಲ್ಲಿ ಮನೆ ಕೊಂಡದ್ದು. ಇನ್ನೊಂದು ಬೆಲ್ಲರ್ಮಿನ್, 1851ರಲ್ಲಿ ಶುರುವಾದ, ಜೆಸುಯಿಟ್ ಪಾದ್ರಿಗಳ, ಗಂಡುಮಕ್ಕಳ ಶಾಲೆ. ಫೀಸು ವರ್ಷಕ್ಕೆ 20,000 ಡಾಲರಿಗೂ ಮೇಲೆ. ಪುಕ್ಕಟೆ ಶಾಲೆಗಾಗಿ ದುಬಾರಿ ಮನೆ ಕೊಂಡು, ಆಮೇಲೆ ದುಬಾರಿ ಶಾಲೆಯ ಅರ್ಜಿ ತುಂಬುವುದು ನಮ್ಮ ಕನ್ನಡ ಕೂಟದ ಅರ್ಧ ಜನಕ್ಕಿರುವ ಕಾಯಿಲೆ. ಜನವರಿಯಲ್ಲಿ ಪ್ರವೇಶ ಪರೀಕ್ಷೆ, ಮಾರ್ಚಿನಲ್ಲಿ ಫಲಿತಾಂಶ, ನಡುವೆ ಅಪ್ಪ ಅಮ್ಮಂದಿರಿಗೆ ರಕ್ತದೊತ್ತಡ.

“ಬೆಲ್ಲರ್ಮಿನ್ ಅಂದರೆ ಯಾರು?” ಎಂದರು ಅಪ್ಪ. ಗೊತ್ತಿದ್ದೇ ಕೇಳಿದ್ದು. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳನ್ನು ಮುಂದಿನ ಸಾಲಿನಲ್ಲಿ ಕೂತು ಕೇಳಿದವರು ಅವರು. “1616ರಲ್ಲಿ ಗೆಲಿಲಿಯೋನನ್ನು ಕರೆಸಿ, ಭೂಮಿ ಸುತ್ತುತ್ತೆ ಅಂತ ಇನ್ನು ಹೇಳಕೂಡದು ಅಂದ ಕಾರ್ಡಿನಲ್ಲು! ಅವನ ಹೆಸರಿನ ಸ್ಕೂಲಿಗೆ ನನ್ನ ಮೊಮ್ಮಗನೇ?”

“ಈಗ ಆ ಸ್ಕೂಲಿನಲ್ಲಿ ನಾಸಾದವರ ಬೆಂಬಲದ ರೋಬಾಟ್ ತಂಡ ಇದೆ ಭಾವ. ಭೂಮಿ ಸುತ್ತುತ್ತೆ ಅಂತ ಅವರೂ ಒಪ್ಪಿಕೊಂಡಿರಬೇಕು,” ಎಂದರು ಮಾವ. ಸೇಂಟ್ ಜೋಸೆಫ್ಸು 1937ರಿಂದ ಜೆಸುಯಿಟರ ಕೈಯಲ್ಲಿದೆ. ಬೆಲ್ಲರ್ಮಿನ್ ಮಾವನ ಲೆಕ್ಕದಲ್ಲಿ ಅದರ ಶಾಖೆ. ಹಳೇ ಹೋಟೆಲಿನ ಗಿರಾಕಿ, ಬ್ರಾಂಚಿನ ದೋಸೆಯನ್ನು ರುಚಿ ನೋಡದೆಯೇ ಮೆಚ್ಚಿಕೊಂಡ ಹಾಗೆ ಅವರು ಅಡ್ಮಿಷನ್ ಮಂಜೂರು ಮಾಡಿಬಿಟ್ಟರು.

ಅಪ್ಪ ಸುಮ್ಮನಾಗಲಿಲ್ಲ. ಆನಿ ಬೆಸೆಂಟರ ಪ್ರೇರಣೆಯಿಂದ 1917ರಲ್ಲಿ ಹುಟ್ಟಿದ ಶಾಲೆ ನಮ್ಮದು ಎಂದರು. ಆ ಶಾಲೆಗೆ ಸೇರಲು ನರಸಿಂಹಯ್ಯನವರು 1935ರಲ್ಲಿ, ಬಸ್ಸಿಗೆ ಕಾಸಿಲ್ಲದೆ, ಗೌರಿಬಿದನೂರಿನ ಕಡೆಯಿಂದ ಎರಡು ದಿನ ನಡೆದುಕೊಂಡು ಬಂದದ್ದನ್ನು ವರ್ಣಿಸಿದರು. ವರ್ಣನೆ ಯಲಹಂಕ ದಾಟುವ ಹೊತ್ತಿಗೆ ಅಭ್ಯರ್ಥಿ ಕಣ್ಣುಜ್ಜಿಕೊಂಡು ಕೆಳಗಿಳಿದು ಬಂದು, “ಅವರಿಗೆ ಶಾಲೆಯ ಬಸ್ ಇರಲಿಲ್ವಾ ತಾತ?” ಎಂದ. ಕಮಿಟಿ ಅವನನ್ನು ಹಾಲು ಕುಡಿಯಲು ಒಳಗೆ ಕಳಿಸಿತು.

ವಾದ ಕ್ರಿಕೆಟ್ಟಿಗೆ ಜಾರಿತು. ದಕ್ಷಿಣ ಬೆಂಗಳೂರಿನಲ್ಲಿ ಎಲ್ಲ ವಾದವೂ ಕೊನೆಗೆ ಅಲ್ಲಿಗೇ ಜಾರುವುದು. ನ್ಯಾಷನಲ್ ಹೈಸ್ಕೂಲು ಕುಂಬ್ಳೆಯನ್ನು ಕೊಟ್ಟಿತು ಎಂದರು ಅಪ್ಪ. ಸೇಂಟ್ ಜೋಸೆಫ್ಸು ದ್ರಾವಿಡನನ್ನು ಕೊಟ್ಟಿತು ಎಂದರು ಮಾವ. 1999ರಲ್ಲಿ ದೆಹಲಿಯಲ್ಲಿ ಒಂದೇ ಇನಿಂಗ್ಸಿನ ಹತ್ತೂ ವಿಕೆಟ್ ತೆಗೆದದ್ದು ಯಾರು ಎಂದು ಅಪ್ಪ ಗುಡುಗಿದರು. ಬೇಸ್‌ಬಾಲ್ ಆಡುವ ನನ್ನ ಮಗ ಯಾರ ಪಕ್ಷವನ್ನೂ ವಹಿಸಲಿಲ್ಲ.

ಅಷ್ಟು ಹೊತ್ತು ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಬಾಯಿ ಬಿಟ್ಟಳು. “ಅಲ್ಲಿ ಧರ್ಮದ ಪಾಠ ಇದೆಯೇ?” ಇದೆ, ಎಲ್ಲರಿಗೂ ಕಡ್ಡಾಯ ಎಂದು ಹೆದರುತ್ತ ಹೇಳಿದೆ. “ಒಳ್ಳೇದಾಯಿತು. ನಮಗೆ ಕ್ಯಾಟೆಕಿಸಂ ಇರಲಿಲ್ಲ, ಬರೀ ಮಾರಲ್ ಸೈನ್ಸು. ಸಿಸ್ಟರು ಪಾಸು ಮಾಡಿಸಿದರು, ನನಗೆ ಸಮಾಧಾನ ಆಗಲಿಲ್ಲ.” ಶಾಲೆಯಲ್ಲಿ ಪ್ರಭುವಿನ ಪ್ರಾರ್ಥನೆ, ಮನೆಯಲ್ಲಿ ವಿಷ್ಣು ಸಹಸ್ರನಾಮ, ಪರೀಕ್ಷೆಯ ಬೆಳಿಗ್ಗೆ ಕಾಡು ಮಲ್ಲೇಶ್ವರನಿಗೊಂದು ಸುತ್ತು, ಆಮೇಲೆ ಚಾಪೆಲಿನಲ್ಲಿ ಒಂದು ನಿಮಿಷ: ಇದು ಅವಳ ಕಾಲದ ವಿಮಾ ಯೋಜನೆ. ಬಸವನಗುಡಿ, ಮಲ್ಲೇಶ್ವರಗಳ ಎಷ್ಟೋ ಮಡಿವಂತ ಮನೆಗಳು ತಲೆಮಾರುಗಳಿಂದ ಮಕ್ಕಳನ್ನು ಪಾದ್ರಿ, ಸಿಸ್ಟರುಗಳ ಕೈಗೆ ಒಪ್ಪಿಸಿವೆ. ಮನೆಯಲ್ಲಿ ಈರುಳ್ಳಿಗೂ ಅವಕಾಶ ಕೊಡದವರು ಅಲ್ಲಿ ಶಿಲುಬೆಯ ಕೆಳಗೆ ಕೂರಿಸಿದ್ದಾರೆ. ಧರ್ಮಕ್ಕಿಂತ ಇಂಗ್ಲಿಷು ಮುಖ್ಯ, ಇಂಗ್ಲಿಷಿಗಿಂತ ಶಿಸ್ತು ಮುಖ್ಯ, ಶಿಸ್ತಿಗಿಂತ ಪಕ್ಕದ ಮನೆಯವರ ಮಗಳು ಅಲ್ಲಿ ಸೇರಿದ್ದು ಮುಖ್ಯ.

ಅರ್ಜಿಯಲ್ಲಿ ಹೆತ್ತವರು ಮಗನ ಸ್ವಭಾವ ಬರೆಯಬೇಕಿತ್ತು. “ನಾಯಕತ್ವದ ಗುಣ” ಎಂದು ನನ್ನ ಹೆಂಡತಿ ಬರೆದಳು. ಟಿವಿ ರಿಮೋಟು ಅವನ ಕೈ ಬಿಟ್ಟದ್ದನ್ನು ನಾನು ಕಂಡಿಲ್ಲ, ಒಪ್ಪಿದೆ. ಸಮಾಜಸೇವೆಯ ಕಲಮಿಗೆ, ರಾಜ್ಯೋತ್ಸವದಲ್ಲಿ ಅವನು ಬಿಸಿಬೇಳೆಬಾತ್ ಬಡಿಸಿದ್ದನ್ನು ಸೇರಿಸಿದೆವು. ಬಡಿಸಿದ್ದಕ್ಕಿಂತ ತಿಂದದ್ದು ಹೆಚ್ಚೆಂಬುದನ್ನು ಅರ್ಜಿ ಕೇಳಿರಲಿಲ್ಲ. ಕ್ಯಾಥೊಲಿಕ್ ಮಕ್ಕಳು ತಮ್ಮ ಚರ್ಚಿನ ಪಾದ್ರಿಯಿಂದ ಪತ್ರ ತರುವುದುಂಟು ಎಂದು ಬಾಯಿ ತಪ್ಪಿ ಹೇಳಿದ್ದೇ ತಡ, ಅಮ್ಮ ಪುರೋಹಿತರಿಗೆ ಫೋನು ಹಚ್ಚಿದಳು. ಗೋತ್ರ, ಸೂತ್ರ ಸಮೇತ ಬರೆದುಕೊಡಲು ಅವರು ಸಿದ್ಧರಿದ್ದರು, ದಕ್ಷಿಣೆ ಗೂಗಲ್ ಪೇ ಮಾಡಿದರೆ ಸಾಕಂತೆ.

ಅಪ್ಪ ಡಾಲರನ್ನು ರೂಪಾಯಿಗೆ ಗುಣಿಸಿದರು. ವರ್ಷಕ್ಕೆ 16 ಲಕ್ಷ ದಾಟಿತು. ಮನೆಯಲ್ಲಿ ಮೊದಲ ಬಾರಿಗೆ ಮೌನ ನೆಲೆಸಿತು. ಗೆಲಿಲಿಯೋ, ಕುಂಬ್ಳೆ, ದ್ರಾವಿಡ ಮೂವರೂ ಹೊರನಡೆದರು. “ನಿಮ್ಮ ಸರ್ಕಾರಿ ಶಾಲೆಗೆ ಏನಾಗಿದೆಯೋ?” ಎಂದರು ಮಾವನೇ.

ಆಗ ಅಭ್ಯರ್ಥಿ ಬಾಗಿಲಲ್ಲಿ ನಿಂತು ಕೇಳಿದ: “ಬೆಲ್ಲರ್ಮಿನ್‌ನಲ್ಲಿ ಹುಡುಗಿಯರೇ ಇಲ್ವಂತೆ, ಹೌದಾ?” ಇಷ್ಟು ದೊಡ್ಡ ಚರ್ಚೆಯಲ್ಲಿ ಆ ಅಂಶವನ್ನು ಯಾರೂ ಪರಿಗಣಿಸಿರಲಿಲ್ಲ. ಅಪ್ಪ ಕನ್ನಡಕ ಒರೆಸಿಕೊಂಡು ತೀರ್ಪು ಕೊಟ್ಟರು. “ಎಲ್ಲಿಗಾದರೂ ಸೇರಿಸು. ಜೂನ್ ಬಂದ ಕೂಡಲೇ ಇಲ್ಲಿಗೆ ಕಳಿಸು. ಗಣಿತ ನಾನು ಹೇಳಿಕೊಡುತ್ತೇನೆ, ಇಂಗ್ಲಿಷ್ ಗ್ರಾಮರ್ ನಿಮ್ಮಮ್ಮ, ಕನ್ನಡ ಮಾವ.”

“ತಾತ, ಜೂನ್‌ನಲ್ಲಿ ನನಗೆ ರಜಾ!”

“ರಜದಲ್ಲೇ ತಾನೇ ಹೇಳಿಕೊಡೋದು?”