ನಕ್ಷೆಯ ಭಕ್ತ

ಮೇಜಿನ ಸುತ್ತ ಕೂತು ಮಾತಿನಲ್ಲೇ ಆಡುವ ರೋಲ್‌ಪ್ಲೇಯಿಂಗ್ ಆಟಗಳಿಗೆ ಗೇಮ್ ಮಾಸ್ಟರ್ ಎಂಬ ಸೂತ್ರಧಾರ ಬೇಕು. ಉಳಿದವರು ತಲೆಗೊಂದು ಪಾತ್ರ ವಹಿಸಿಕೊಂಡರೆ, ಮಿಕ್ಕ ಜಗತ್ತೆಲ್ಲ ಅವನ ಪಾಲಿನದು. ಈ ಸೂತ್ರಧಾರರಲ್ಲಿ ಎರಡು ಪಂಗಡ. ಕತ್ತಿಯ ಏಟು ಎಷ್ಟು ನಾಟಿತು, ಜಿಗಿತ ಎಷ್ಟಡಿ ಹೋಯಿತು ಎಂಬುದಕ್ಕೆಲ್ಲ ಪುಸ್ತಕ ತೆಗೆದು ನೋಡುವವರು ನಿಯಮದ ಪಂಗಡದವರು. ಆ ಕತ್ತಿ ಯಾವ ಊರಿನ ಕುಲುಮೆಯಲ್ಲಿ ಹುಟ್ಟಿತು, ಅಲ್ಲಿನ ಕಮ್ಮಾರರು ಯಾವ ದೊರೆಯ ಕಾಟಕ್ಕೆ ಗುಳೆ ಎದ್ದು ಬಂದವರು ಎಂದು ತಲೆ ಕೆಡಿಸಿಕೊಳ್ಳುವವರು ಲೋಕದ ಪಂಗಡದವರು. ನಕ್ಷೆಯ ಭಕ್ತ ಈ ಎರಡನೆಯ ಗುಂಪಿನ ಕಟ್ಟಾಳು.

ಅವನು ಹೀಗಾಗಲು ಕಾರಣವಿದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ಅಮೆರಿಕದಲ್ಲಿ ಹೊರತಂದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಸೈನ್ಯದ ಗೊಂಬೆಗಳನ್ನಿಟ್ಟು ಆಡುವ ಯುದ್ಧದಾಟಗಳಿಂದ ಹುಟ್ಟಿದ್ದು. ಲೆಕ್ಕಾಚಾರ ಅದಕ್ಕೆ ಹುಟ್ಟುಗುಣ. ಅದರ 1978ರ ಆಟಗಾರರ ಕೈಪಿಡಿಯಲ್ಲಿ ಯಾವ ಆಯುಧ ಯಾವ ಕವಚಕ್ಕೆ ಎಷ್ಟರಮಟ್ಟಿಗೆ ನಾಟುತ್ತದೆ ಎಂಬುದಕ್ಕೇ ಒಂದು ಕೋಷ್ಟಕ. 'ರೋಲ್‌ಮಾಸ್ಟರ್' ಎಂಬ ಆಟದಲ್ಲಿ ಒಂದೊಂದು ಆಯುಧಕ್ಕೂ ಒಂದೊಂದು ಪುಟದ ಪಟ್ಟಿ. 1977ರ 'ಟ್ರಾವೆಲರ್' ಇನ್ನೂ ಮುಂದೆ ಹೋಯಿತು. ಅಲ್ಲಿ ಪಾತ್ರದ ಪೂರ್ವವೃತ್ತಾಂತ ತಯಾರಿಸುವಾಗಲೇ ದಾಳ ಕೈಕೊಟ್ಟರೆ ಪಾತ್ರ ಸತ್ತುಹೋಗುತ್ತಿತ್ತು; ಆಟಕ್ಕೆ ಮೊದಲೇ ತಿಥಿ. ಇಂಥ ಪಟ್ಟಿಗಳಲ್ಲಿ ಬೆಂದವನಿಗೆ ನಕ್ಷೆ ನೆರಳಿನಂತೆ ಕಂಡದ್ದು ಸಹಜ.

ಹಿರಿಯರ ಹೆಸರು ಹೇಳದೆ ಅವನು ವಾದಕ್ಕೆ ಇಳಿಯುವುದಿಲ್ಲ. ಮಿನೆಸೋಟ ವಿಶ್ವವಿದ್ಯಾಲಯದ ಭಾಷಾಶಾಸ್ತ್ರಜ್ಞ ಎಂ. ಎ. ಆರ್. ಬಾರ್ಕರ್ 1975ರಲ್ಲಿ 'ಎಂಪೈರ್ ಆಫ್ ದಿ ಪೆಟಲ್ ಥ್ರೋನ್' ಪ್ರಕಟಿಸುವ ಎಷ್ಟೋ ಮೊದಲೇ ಟೆಕುಮೆಲ್ ಎಂಬ ಲೋಕವನ್ನು ಕಟ್ಟಿಟ್ಟಿದ್ದರು. ಅಲ್ಲಿನ ಭಾಷೆಗೆ ವ್ಯಾಕರಣ, ಲಿಪಿ ಎರಡೂ ಇದ್ದವು. ಕೊನೆಕೊನೆಗೆ ಅವರ ಮೇಜಿನಲ್ಲಿ ನಿಯಮ ಇದ್ದದ್ದು ಇಷ್ಟೇ ಎಂದು ಜೊತೆಗೆ ಆಡಿದವರು ಹೇಳುತ್ತಾರೆ: ಸೂತ್ರಧಾರ, ಆಟಗಾರ ಇಬ್ಬರೂ ದಾಳ ಹಾಕುವುದು, ಹೆಚ್ಚು ಬಿದ್ದವರ ಮಾತು ನಡೆಯುವುದು, ಹತ್ತಿರಹತ್ತಿರ ಬಿದ್ದರೆ ಮಾತಾಡಿ ಬಗೆಹರಿಸಿಕೊಳ್ಳುವುದು. ಗ್ರೆಗ್ ಸ್ಟಾಫರ್ಡ್ 1966ರಲ್ಲಿ ಬರೆಯತೊಡಗಿದ ಗ್ಲೊರಾಂತಾ ಲೋಕಕ್ಕೆ 'ರೂನ್‌ಕ್ವೆಸ್ಟ್' ನಿಯಮಗಳು ಸಿಕ್ಕಿದ್ದು 1978ರಲ್ಲಿ. ಆ ಲೋಕದಲ್ಲಿ ಆಯುಧ ಹಿಡಿದ ಬಾತುಕೋಳಿ ಜನಾಂಗವೂ ಉಂಟು. ಅದನ್ನು ಕೇಳಿ ನಕ್ಕವರಿಗೆ ನಕ್ಷೆಯ ಭಕ್ತನ ಮನೆಯಲ್ಲಿ ಎರಡನೆಯ ಸಲ ಕಾಫಿ ಸಿಗುವುದಿಲ್ಲ.

ಅವನನ್ನು ಗುರುತಿಸುವುದು ಸುಲಭ. ಅವನ ಕಪಾಟಿನಲ್ಲಿ ಒಮ್ಮೆಯೂ ಆಡದ ಆಟಗಳ ಪುಸ್ತಕಗಳೇ ಹೆಚ್ಚು. ಮುಂದಿನ ನಿಯಮದ ಪುಟಗಳು ಗರಿಗರಿಯಾಗಿದ್ದು, ಹಿಂದಿನ ನಕ್ಷೆಯ ಹಾಳೆ ಮಡಿಕೆಯಲ್ಲಿ ಸವೆದಿರುತ್ತದೆ. ಹೊಸ ಆಟಗಾರನಿಗೆ ಪಾತ್ರದ ಚೀಟಿ ಕೊಡುವ ಮೊದಲು ಓದಿಕೊಂಡು ಬರಲು ಪುಟಗಟ್ಟಲೆ ಟಿಪ್ಪಣಿ ಕಳಿಸುತ್ತಾನೆ. ಅದಕ್ಕೆ 'ಸಂಕ್ಷಿಪ್ತ ಪರಿಚಯ' ಎಂದು ಹೆಸರು.

ಆಟದಲ್ಲಿ ಅವನ ವರಸೆ ಹೀಗಿರುತ್ತದೆ. ತಂಡ ಒಂದು ಕೋಟೆಯ ಬಾಗಿಲಿಗೆ ಬಂದಿದೆ. ಕಾವಲುಗಾರನನ್ನು ಹೊಡೆದು ಒಳನುಗ್ಗುವುದೆಂದು ತೀರ್ಮಾನವಾಗಿ, ಇಪ್ಪತ್ತು ಮುಖದ ದಾಳ ಒಬ್ಬನ ಮುಷ್ಟಿಯಲ್ಲಿದೆ.

"ಒಂದ್ನಿಮಿಷ. ನಿನ್ನ ಮೇಲಂಗಿ ಯಾವ ಬಣ್ಣ ಅಂದೆ?"

"ಕೆಂಪು."

"ಕೆಂಪಾ!"

ಅಲ್ಲಿಗೆ ಯುದ್ಧ ನಿಂತಿತು. ಆ ಊರಲ್ಲಿ ಕೆಂಪು ತೊಡುವ ಹಕ್ಕು ದೇವಾಲಯದ ಭಟರಿಗೆ ಮಾತ್ರ. ಅದರ ಹಿಂದೊಂದು ದಂಗೆ, ದಂಗೆಯ ಹಿಂದೊಂದು ಬರಗಾಲ, ಬರಗಾಲದ ಹಿಂದೊಬ್ಬ ರಾಣಿಯ ಶಾಪ. ಉಪಕಥೆಗೆ ಇಳಿದ ಹರಿಕಥೆ ದಾಸರಂತೆ ಅವನು ನಾಲ್ಕು ಶತಮಾನ ಸುತ್ತಿ ವಾಪಸು ಬರುವಷ್ಟರಲ್ಲಿ ಚಿಪ್ಸ್ ಖಾಲಿಯಾಗಿರುತ್ತದೆ, ಒಬ್ಬ ದಾಳಗಳನ್ನು ಒಂದರ ಮೇಲೊಂದು ಪೇರಿಸುತ್ತಿರುತ್ತಾನೆ, ಕಾವಲುಗಾರ ಎತ್ತಿದ ಈಟಿ ಎತ್ತಿದ ಹಾಗೇ ಇರುತ್ತದೆ. "ಈಗಲಾದ್ರೂ ಹೊಡೀಲಾ?" ಎಂದರೆ ಅಪ್ಪಣೆ ಒಂದೇ ಸಾಲಿನದು: "ಹಾಕು ದಾಳ. ಜಾಸ್ತಿ ಬಂದ್ರೆ ಬಿದ್ದ ಅಂದ್ಕೋ."

ಅವನ ಹಗೆ ರೂಲ್ಸ್ ಲಾಯರ್, ಅಂದರೆ ಪುಟಸಂಖ್ಯೆ ಸಮೇತ ತಕರಾರು ಎತ್ತುವ ಆಟಗಾರ. ನಿಯಮಗಳಿಂದ ಕಲ್ಪನೆ ಸಾಯುತ್ತದೆ ಎಂದು ಆ ಲಾಯರಿಗೆ ಉಪದೇಶ ನಡೆಯುತ್ತದೆ. ಆದರೆ ನಕ್ಷೆಯ ಭಕ್ತನ ಮೇಜಿನಲ್ಲಿ ನಿಯಮ ಕಡಿಮೆಯೇನಲ್ಲ. ಕೆಂಪು ತೊಡಬಾರದು, ಹುಣ್ಣಿಮೆಯಂದು ನದಿ ದಾಟಬಾರದು, ಮಠಾಧಿಪತಿಯ ಮುಂದೆ ಎಡಗೈ ಚಾಚಬಾರದು. ಪುಸ್ತಕದ ನಿಯಮವನ್ನು ಓದಿಕೊಂಡು ಬಂದು ಜಗಳವಾಡಬಹುದು. ಅವನ ತಲೆಯೊಳಗಿನ ನಿಯಮ ಮುರಿದ ಮೇಲಷ್ಟೇ ತಿಳಿಯುತ್ತದೆ.

ಈ ಪಂಗಡದಲ್ಲಿ ಒಳಪಂಗಡಗಳೂ ಇವೆ. ಸಂಗ್ರಾಹಕನು 1983ರ 'ಹಾರ್ನ್' ಲೋಕದ ಪ್ರತಿಯೊಂದು ಕೋಟೆಯ ನಕ್ಷೆಯನ್ನೂ ಕೊಂಡಿಟ್ಟಿರುತ್ತಾನೆ. ನಿಷ್ಠಾವಂತನು ಎಡ್ ಗ್ರೀನ್‌ವುಡ್ ಸೃಷ್ಟಿಸಿದ 'ಫರ್ಗಾಟನ್ ರೆಲ್ಮ್ಸ್' ವಿಷಯದಲ್ಲಿ ಗ್ರೀನ್‌ವುಡ್ ಅವರನ್ನೇ ತಿದ್ದಬಲ್ಲ. ನಿರ್ಮಾಪಕನು ಸ್ವಂತ ಲೋಕವನ್ನು ವರ್ಷಗಟ್ಟಲೆ ಕಟ್ಟುತ್ತಾನೆ. ಅಲ್ಲಿನ ಉಪ್ಪಿನ ಸುಂಕ ನಿಗದಿಯಾಗುವ ತನಕ ಆಟ ಶುರುವಾಗದು.

ಹಾಗೆಂದು ಅವನನ್ನು ತಳ್ಳಿಹಾಕುವಂತಿಲ್ಲ. ಪುಸ್ತಕಕ್ಕೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳು ಪ್ರತಿ ಆಟದಲ್ಲೂ ಏಳುತ್ತವೆ. ಕಾವಲುಗಾರ ಲಂಚ ಮುಟ್ಟುತ್ತಾನೆಯೇ, ಯಾರ ಹೆಸರೆತ್ತಿದರೆ ಬೆವರುತ್ತಾನೆ ಎಂಬುದಕ್ಕೆ ಕೋಷ್ಟಕವಿಲ್ಲ. ಊರಿನ ಸ್ವಭಾವ ಬಲ್ಲವನು ತಡವರಿಸದೆ ಹೇಳುತ್ತಾನೆ. ಆಟಗಾರರಿಗೂ ಆ ಸ್ವಭಾವ ತಿಳಿದಿದ್ದರೆ ಲೆಕ್ಕ ಬಾರದವರೂ ಚಾಣಾಕ್ಷತನದಿಂದ ಆಡಬಹುದು. ಹೊಸಬರು ಅವನ ಮೇಜಿಗೆ ಬೇಗ ಒಗ್ಗಿಕೊಳ್ಳುವುದು ಇದರಿಂದಲೇ.

ಇಂಥ ಆಟಗಳು ಬಹುಪಾಲು ಡ್ರಾಗನ್ ಸತ್ತು ಮುಗಿಯುವುದಿಲ್ಲ. ವರ್ಗಾವಣೆ, ಮದುವೆ, ಮಗುವಿನ ಪರೀಕ್ಷೆಗಳಿಂದ ನಿಲ್ಲುತ್ತವೆ. ತಂಡ ಚದುರಿದರೂ ಲೋಕ ಹಾಳಾಗುವುದಿಲ್ಲ. ಹಳೆಯ ತಂಡ ಮಾಡಿದ್ದೆಲ್ಲ ಚರಿತ್ರೆಯಾಗಿ, ಮುಂದಿನ ತಂಡಕ್ಕೆ ಹೋಗುವ ಸಂಕ್ಷಿಪ್ತ ಪರಿಚಯ ಇನ್ನಷ್ಟು ಉದ್ದವಾಗುತ್ತದೆ.