ಸಿಸ್ಟಮ್ ತಗೊಳ್ತಿಲ್ಲ

(ಬೆಂಗಳೂರಿನ ಒಂದು ಆಫೀಸು. ಎಚ್‌ಆರ್ ಸಾಹೇಬರ ಕೋಣೆ. ಬಾಗಿಲಿಗೆ ಕಾಮನಬಿಲ್ಲಿನ ಸ್ಟಿಕ್ಕರ್.)

ಸಾಹೇಬರು: ಬಾರಪ್ಪಾ... ಅಲ್ಲ, ಬಾರಮ್ಮಾ... ಬನ್ನಿ, ಕೂತ್ಕೊಳ್ಳಿ. ಬಹುವಚನವೇ ಸೇಫು ನೋಡಿ, ಅದಕ್ಕೆ ಲಿಂಗ ಇಲ್ಲ!

ಕಾವ್ಯ: ಸಾರ್, ಐಡಿ ಕಾರ್ಡಲ್ಲಿ ಇನ್ನೂ ಹಳೇ ಹೆಸರೇ ಇದೆ. ಜಿಲ್ಲಾಧಿಕಾರಿಗಳ ಪ್ರಮಾಣಪತ್ರ ಕೊಟ್ಟು ಎಂಟು ತಿಂಗಳಾಯ್ತು.

ಸಾಹೇಬರು: ಸಿಸ್ಟಮ್ ತಗೊಳ್ತಿಲ್ಲ.

ಕಾವ್ಯ: 2014ರ ನವೆಂಬರ್ 1ಕ್ಕೆ ಬ್ಯಾಂಗಲೋರು ಬೆಂಗಳೂರಾದಾಗ ತಗೊಳ್ತಲ್ಲ?

ಸಾಹೇಬರು: ಊರಿನ ವಿಷಯ ಬೇರೆ. ಊರು ಟಾಯ್ಲೆಟ್ಟಿಗೆ ಹೋಗಲ್ಲ.

(ಕಾಫಿ ತಂದ ಹುಡುಗನೂ ನಗಲಿಲ್ಲ. ಸಾಹೇಬರ ಜೋಕಿಗೆ ನಗೋದು ಅವನ ಡ್ಯೂಟಿ.)

ಕಾವ್ಯ: ಅದನ್ನೂ ಹೇಳ್ಬೇಕಿತ್ತು. ಆರನೇ ಮಹಡಿಯದಕ್ಕೆ ಹೋಗಿ ಅಂದ್ರಿ. ಅದಕ್ಕೆ ಬೀಗ. ಕೀ ಸೆಕ್ಯುರಿಟಿ ಹತ್ರ. ರಿಜಿಸ್ಟರಲ್ಲಿ ಹೆಸರು, ಸಮಯ, ಕಾರಣ ಬರೀರಿ ಅಂತಾನೆ.

ಸಾಹೇಬರು: ಕಾರಣ ಏನು ಬರೆದ್ರಿ?

ಕಾವ್ಯ: ಕಾಫಿ.

ಸಾಹೇಬರು: ನನಗೇನೂ ಇಲ್ಲಪ್ಪ, ಬೇರೆಯವರಿಗೆ ಮುಜುಗರ.

ಕಾವ್ಯ: ಬೇರೆಯವರು ಅಂದ್ರೆ?

ಸಾಹೇಬರು: ಅವರ ಹೆಸರು ಹೇಳೋ ಹಾಗಿಲ್ಲ. ಪ್ರೈವೆಸಿ.

ಕಾವ್ಯ: 2019ರ ಟ್ರಾನ್ಸ್‌ಜೆಂಡರ್ ಕಾಯ್ದೆ ಪ್ರಕಾರ ಸಂಸ್ಥೆಗೊಬ್ಬ ದೂರು ಅಧಿಕಾರಿ ಇರ್ಬೇಕು. ನಮ್ಮಲ್ಲಿ ಯಾರು ಸಾರ್?

ಸಾಹೇಬರು: ನಾನೇ.

ಕಾವ್ಯ: ದೂರು ನಿಮ್ಮ ಮೇಲೇ.

ಸಾಹೇಬರು: ಒಳ್ಳೇದೇ ಆಯ್ತಲ್ಲ, ಎರಡು ಕಡೆ ಅಲೆಯೋದು ತಪ್ತು! ಅಂದ ಹಾಗೆ, ಜೂನಲ್ಲಿ ಪ್ರೈಡ್ ಫೋಟೋ ಇದೆ. ನೀವು ಮೊದಲ ಸಾಲಲ್ಲೇ ನಿಲ್ಬೇಕು. ಒಳ್ಳೇ ಸೀರೆ ಉಟ್ಕೊಂಡು ಬನ್ನಿ.

ಕಾವ್ಯ: ಫೋಟೋ ಕೆಳಗೆ ಹೆಸರು?

ಸಾಹೇಬರು: ಸಿಸ್ಟಮಲ್ಲಿ ಇರೋದು.